ಮುನ್ನೂರು ವರ್ಷದ ಒಲೆ

ಸ್ಪೇನಿನ ರಾಜಧಾನಿ ಮ್ಯಾಡ್ರಿಡ್‌ನಲ್ಲಿ ಕುಚಿಯೇರೋಸ್ ಎಂಬ ಹಳೆಯ ಬೀದಿಯಿದೆ. ಚಾಕು ಮಾಡುವವರ ಬೀದಿ ಎಂದು ಅದರ ಅರ್ಥ. ಅಲ್ಲಿ 1725ರಲ್ಲಿ ಶುರುವಾದ ಒಂದು ಹೋಟೆಲು ಇಂದಿಗೂ ಇದೆ. ಹೆಸರು 'ಸೋಬ್ರಿನೊ ದೆ ಬೊತಿನ್'. ಜಗತ್ತಿನ ಅತಿ ಹಳೆಯ ಹೋಟೆಲೆಂದು 1987ರಲ್ಲಿ ಗಿನ್ನೆಸ್ ದಾಖಲೆಯವರು ಇದನ್ನು ಒಪ್ಪಿಕೊಂಡರು.

ಮುನ್ನೂರು ವರ್ಷ ಉಳಿದು ಬಂದದ್ದು ಯಾವುದು? ಒಂದೇ ವಂಶವೆಂದು ನೀವು ಊಹಿಸಬಹುದು. ಅಲ್ಲ. ಸ್ಥಾಪಿಸಿದವನು ಬೊತಿನ್ ಎಂಬ ಫ್ರೆಂಚ್ ಅಡುಗೆಯವನು. ಅವನಿಗೆ ಮಕ್ಕಳಿರಲಿಲ್ಲ. ಹೆಂಡತಿಯ ಕಡೆಯ ಹುಡುಗನೊಬ್ಬ ಮುಂದೆ ನಡೆಸಿದ. 'ಸೋಬ್ರಿನೊ' ಬಂದದ್ದು ಹೀಗೆ. ಅಣ್ಣತಮ್ಮಂದಿರ ಮಗನಿಗೂ ಅಕ್ಕತಂಗಿಯರ ಮಗನಿಗೂ ಸ್ಪ್ಯಾನಿಷ್‌ನಲ್ಲಿ ಅದೊಂದೇ ಮಾತು. ನಮ್ಮಲ್ಲಾದರೆ ಮಗ ಯಾರು, ಅಳಿಯ ಯಾರು ಎಂದು ಲೆಕ್ಕ ಹಾಕಬೇಕು! ಇಪ್ಪತ್ತನೆಯ ಶತಮಾನದಲ್ಲಿ ಹೋಟೆಲು ಗೊನ್ಸಾಲೆಸ್ ಎಂಬ ಬೇರೆಯೇ ಕುಟುಂಬದ ಕೈಗೆ ಬಂತು.

ಊಟವೂ ಮೊದಲಿನದಲ್ಲ. ಆ ಕಾಲದ ಛತ್ರಗಳು ಆಹಾರ ಮಾರುವಂತಿರಲಿಲ್ಲ, ಆ ಹಕ್ಕು ಬೇರೆ ವರ್ತಕರದು. ಗಿರಾಕಿ ತಂದುಕೊಟ್ಟದ್ದನ್ನು ಬೇಯಿಸಿಕೊಡುವುದಷ್ಟೇ ಇವರ ಕೆಲಸ.

ಉಳಿದದ್ದು ಒಲೆ. ಇಟ್ಟಿಗೆಯ ಗುಮ್ಮಟದಂಥ ಈ ಗೂಡಿಗೆ ಓಕ್ ಸೌದೆಯೇ ಉರುವಲು. ಎಳೆಯ ಹಂದಿಮರಿ, ಕುರಿಮರಿಗಳನ್ನು ಇದರಲ್ಲೇ ಸುಡುತ್ತಾರೆ. (ಸಸ್ಯಾಹಾರಿ ಓದುಗರು ಮುಖ ಸಿಂಡರಿಸಬೇಡಿ, ನನ್ನ ಆಸಕ್ತಿ ಗೂಡಿನ ಮೇಲೆ.) ಒಂದು ಗ್ರಾಂ ಇಟ್ಟಿಗೆಯ ತಾಪವನ್ನು ಒಂದು ಡಿಗ್ರಿ ಏರಿಸಲು ಕಬ್ಬಿಣಕ್ಕಿಂತ ಸುಮಾರು ಎರಡರಷ್ಟು ಶಾಖ ಬೇಕು. ಜೊತೆಗೆ ಇಟ್ಟಿಗೆ ಶಾಖವನ್ನು ಬೇಗ ಸಾಗಿಸುವುದಿಲ್ಲ. ಹೀಗಾಗಿ ದಪ್ಪ ಗೋಡೆ ಕುಡಿದ ಶಾಖವನ್ನು ಬೆಂಕಿ ತಗ್ಗಿದ ಮೇಲೂ ಗಂಟೆಗಟ್ಟಲೆ ನಿಧಾನವಾಗಿ ಹೊರಬಿಡುತ್ತದೆ. ಗುಮ್ಮಟದಿಂದ ವಿಕಿರಣ, ಬಿಸಿಗಾಳಿಯಿಂದ ಸಂವಹನ, ನೆಲದಿಂದ ವಹನ: ಪಠ್ಯಪುಸ್ತಕದ ಮೂರೂ ವಿಧಾನಗಳು ಒಂದೇ ಕಡೆ! ಇಂಥ ಗೂಡು ಪೂರ್ತಿ ತಣ್ಣಗಾಗಿ ಮತ್ತೆ ಒಮ್ಮೆಲೇ ಕಾದರೆ ಒಳಮೈ, ಹೊರಮೈ ಬೇರೆ ಬೇರೆ ಪ್ರಮಾಣದಲ್ಲಿ ಹಿಗ್ಗಿ ಬಿರುಕು ಬಿಡುತ್ತದೆ. ದಿನವೂ ಉರಿಸುವುದೇ ಅದಕ್ಕೆ ಕ್ಷೇಮ.

ಆ ದಿನಚರಿಗೆ ಕುತ್ತು ಬಂದದ್ದು 1936ರಿಂದ 1939ರ ಅಂತರ್ಯುದ್ಧದಲ್ಲಿ. ಮ್ಯಾಡ್ರಿಡ್ ಮೇಲೆ ಬಾಂಬು ಬೀಳುತ್ತಿದ್ದಾಗ ಗೊನ್ಸಾಲೆಸ್ ಮನೆಯ ಯಜಮಾನ ಹೆಂಡತಿ ಮಕ್ಕಳನ್ನು ದೂರದ ಊರಿಗೆ ಕಳಿಸಿ, ತಾನು ಹೋಟೆಲು ಕಾಯುತ್ತ ಉಳಿದ. ಅದು ಸೈನಿಕರಿಗೆ ಊಟ ಹಾಕುವ ಮನೆಯಾಯಿತು. ಆಗಲೂ ಮುಚ್ಚದ ಬಾಗಿಲನ್ನು 2020ರ ಮಾರ್ಚ್‌ನಲ್ಲಿ ಕೊರೊನಾ ಮುಚ್ಚಿಸಿತು. ಈಗ ಮತ್ತೆ ಸೌದೆ ಉರಿಯುತ್ತಿದೆ. ನಡೆಸುತ್ತಿರುವವರು ಅದೇ ಯಜಮಾನನ ಸಂತತಿ.