ಹುಡುಕುವ ಹೆತ್ತವರಿಗೂ ಉತ್ತರ ಬೇಕು



ಪಿ. ವಾಸು ನಿರ್ದೇಶನದ ‘ದೃಶ್ಯ’ (2014) ಚಿತ್ರದಲ್ಲಿ ನಾವೆಲ್ಲ ಮೆಚ್ಚುವುದು ರವಿಚಂದ್ರನ್ ಪಾತ್ರವಾದ ರಾಜೇಂದ್ರ ಪೊನ್ನಪ್ಪನ ಜಾಣ್ಮೆಯನ್ನು. ಆದರೆ ಕಾಣೆಯಾದ ಮಗನನ್ನು ಹುಡುಕುವ ಪೊಲೀಸ್ ಅಧಿಕಾರಿ ತಾಯಿಯ ಸಂಕಟವೂ ಅಷ್ಟೇ ನಿಜ. ಮಗ ತಪ್ಪಿತಸ್ಥ, ಆಕೆ ಅಧಿಕಾರ ದುರುಪಯೋಗಪಡಿಸಿಕೊಂಡಳು ಎಂಬ ಆಕ್ಷೇಪ ಸರಿಯೇ. ಆದರೂ ಕೊನೆಯಲ್ಲಿ ದರ್ಪ ಕಳಚಿ ಬಂದು, ಮಗ ಏನಾದ ಎಂದಷ್ಟೇ ಕೇಳುವ ಹೆತ್ತವರ ಹಕ್ಕನ್ನು ಅದು ಅಳಿಸಲಾರದು. ನಿಜ ಜೀವನದಲ್ಲಿ ಅಧಿಕಾರವಿಲ್ಲದ ಪೋಷಕರಿಗೆ ಕಾನೂನೇ ಆಸರೆ. ಮಗು ಕಾಣೆಯಾದ ದೂರು ಬಂದರೆ ಎಫ್‌ಐಆರ್ ದಾಖಲಿಸಲೇಬೇಕೆಂದು ಸುಪ್ರೀಂ ಕೋರ್ಟ್ 2013ರಲ್ಲೇ ಆದೇಶಿಸಿದೆ. ಒಂದು ದಿನ ಕಾದು ನೋಡಬೇಕಿಲ್ಲ. ಜನಜಂಗುಳಿಯಲ್ಲಿ ಮಕ್ಕಳು ಕೈತಪ್ಪಬಹುದಾದ್ದರಿಂದ, ತುಲಾ ಸಂಕ್ರಮಣಕ್ಕೆ ಭಕ್ತರು ಕಿಕ್ಕಿರಿಯುವ ಭಾಗಮಂಡಲ, ತಲಕಾವೇರಿಗಳಲ್ಲಿ ಈ ಆದೇಶವನ್ನೂ 1098 ಮಕ್ಕಳ ಸಹಾಯವಾಣಿಯನ್ನೂ ದೊಡ್ಡ ಫಲಕದಲ್ಲಿ ಬರೆಸಬೇಕು.

– ಓದುಗ, ಭಾಗಮಂಡಲ