ಹರಿಶ್ಚಂದ್ರನನ್ನು ನೋಡಿದರೆ ಸಾಲದು, ಆಡಬೇಕು

ಸಂಘದ ವಾರ್ಷಿಕೋತ್ಸವಕ್ಕೆ ಸಿದ್ಧತೆ ನಡೆಸುವ ಸಭೆಗಳಲ್ಲಿ ಇತ್ತೀಚೆಗೆ ಒಂದು ಮಾತು ತಪ್ಪದೆ ಕೇಳಿಬರುತ್ತಿದೆ: “ನಾಟಕದ ಗೊಡವೆ ಏಕೆ? ರಾಜಕುಮಾರರ ‘ಸತ್ಯ ಹರಿಶ್ಚಂದ್ರ’ವನ್ನು ಪರದೆಯ ಮೇಲೆ ಹಾಕಿದರಾಯಿತು. ಮಕ್ಕಳೂ ನೋಡುತ್ತಾರೆ, ಖರ್ಚೂ ಉಳಿಯುತ್ತದೆ.” ಹೀಗೆ ನುಡಿಯುವವರು ನಮ್ಮ ಆತ್ಮೀಯರು, ಕನ್ನಡಾಭಿಮಾನಿಗಳು. ಅವರ ಅಭಿಮಾನದಲ್ಲಿ ನಮಗೆ ಸಂದೇಹವಿಲ್ಲ. ಆದರೆ ಅವರ ಈ ಸಲಹೆಯನ್ನು ನಾವು ಒಪ್ಪಲಾರೆವು. ಏಕೆ ಒಪ್ಪಲಾರೆವೆಂಬುದನ್ನು ಈ ಸ್ಮರಣ ಸಂಚಿಕೆಯಲ್ಲಿ ಬಿಚ್ಚಿ ಹೇಳುವುದು ನಮ್ಮ ಕರ್ತವ್ಯವೆಂದು ಭಾವಿಸಿದ್ದೇವೆ.

ಮೊದಲಿಗೇ ಒಂದು ಸ್ಪಷ್ಟನೆ. ನಾವು ಚಲನಚಿತ್ರದ ವೈರಿಗಳಲ್ಲ. ಕೊಯಮತ್ತೂರಿನಲ್ಲಿ ಬಾಳುವವರು ಚಲನಚಿತ್ರವನ್ನು ಹಳಿದರೆ ಉಂಡ ಮನೆಯ ಜಂತೆ ಎಣಿಸಿದಂತಾದೀತು. ಸಾಮಿಕ್ಕಣ್ಣು ವಿನ್ಸೆಂಟ್ ಅವರು 1914ರಲ್ಲಿ ವೆರೈಟಿ ಹಾಲ್ ಚಿತ್ರಮಂದಿರವನ್ನು ಕಟ್ಟಿದ ಊರು ಇದು. ಸೆಂಟ್ರಲ್ ಸ್ಟುಡಿಯೋ, ಪಕ್ಷಿರಾಜ ಸ್ಟುಡಿಯೋಗಳು ತಲೆಯೆತ್ತಿದ ಊರೂ ಇದೇ. ನಮ್ಮ ತಕರಾರು ಚಿತ್ರದ ಮೇಲಿಲ್ಲ. ಚಿತ್ರವು ನಾಟಕದ ಸ್ಥಾನವನ್ನು ತುಂಬೀತೆಂಬ ಭ್ರಮೆಯ ಮೇಲಿದೆ.

ಹರಿಶ್ಚಂದ್ರನ ಕಥೆ ಪುರಾತನವಾದುದು. ಐತರೇಯ ಬ್ರಾಹ್ಮಣದಲ್ಲಿ, ಮಾರ್ಕಂಡೇಯ ಪುರಾಣದಲ್ಲಿ ಅದು ಬೇರೆ ಬೇರೆ ರೂಪದಲ್ಲಿದೆ. ಸಂಸ್ಕೃತದಲ್ಲಿ ಕ್ಷೇಮೀಶ್ವರನು ‘ಚಂಡಕೌಶಿಕ’ವೆಂಬ ನಾಟಕವನ್ನೇ ಬರೆದನು. ಆದರೆ ಕನ್ನಡಿಗರ ಹೃದಯದಲ್ಲಿ ನೆಲೆಸಿದ ಹರಿಶ್ಚಂದ್ರನನ್ನು ಕೊಟ್ಟವನು ಹರಿಹರನ ಸೋದರಳಿಯನಾದ ರಾಘವಾಂಕ. ಅವನ ಕಾವ್ಯದಲ್ಲಿ ಪಾತ್ರಗಳು ಎದುರುಬದುರು ನಿಂತು ವಾದಿಸುತ್ತವೆ, ಕೆಣಕುತ್ತವೆ, ಗೋಳಿಡುತ್ತವೆ. ವಾರ್ಧಕ ಷಟ್ಪದಿಯಲ್ಲಿದ್ದರೂ ಅದು ಅರ್ಧ ನಾಟಕವೇ. ವಿಶ್ವಾಮಿತ್ರನು ಸೃಷ್ಟಿಸಿದ ಅನಾಮಿಕ ಕನ್ಯೆಯರನ್ನು ಕುಲದ ಕಾರಣದಿಂದ ವರಿಸಲೊಲ್ಲೆನೆಂದ ಅರಸನು ಕಡೆಗೆ ವೀರಬಾಹುಕನೆಂಬ ಅನಾಮಿಕನಿಗೇ ಆಳಾಗುತ್ತಾನೆ. ಕವಿ ಹೆಣೆದ ಈ ವಿಧಿಯ ವ್ಯಂಗ್ಯವು ಗ್ರೀಕರ ಯಾವ ದುರಂತ ನಾಟಕಕ್ಕೂ ಕಡಿಮೆಯದಲ್ಲ. ಮುಂದೆ ಕಂಪನಿ ನಾಟಕಗಳವರು ಹಾರ್ಮೋನಿಯಂ, ಕಂದ, ವೃತ್ತಗಳೊಡನೆ ಈ ಕಥೆಯನ್ನು ಊರೂರಿಗೆ ಕೊಂಡೊಯ್ದರು.

ಚಲನಚಿತ್ರವು ಇದನ್ನು ಪಡೆದುಕೊಂಡದ್ದು ರಂಗಭೂಮಿಯ ಕೈಯಿಂದಲೇ. 1913ರಲ್ಲಿ ಫಾಲ್ಕೆಯವರು ಭಾರತದ ಮೊದಲ ಕಥಾಚಿತ್ರಕ್ಕೆ ಆರಿಸಿಕೊಂಡದ್ದು ರಾಜಾ ಹರಿಶ್ಚಂದ್ರನನ್ನು. 1943ರಲ್ಲಿ ಆರ್. ನಾಗೇಂದ್ರರಾಯರು ನಿರ್ದೇಶಿಸಿದ ಕನ್ನಡದ ‘ಸತ್ಯ ಹರಿಶ್ಚಂದ್ರ’ದಲ್ಲಿ ನಾಯಕರಾದ ಎಂ. ವಿ. ಸುಬ್ಬಯ್ಯನಾಯ್ಡು ನಾಟಕ ಮಂಡಳಿಯನ್ನು ಕಟ್ಟಿ ನಡೆಸಿದವರು. ಆ ಚಿತ್ರವೇ 1944ರಲ್ಲಿ ತಮಿಳಿನ ಮಾತು ತೊಟ್ಟು, ತಮಿಳಿಗೆ ಡಬ್ ಆದ ಮೊದಲ ಚಿತ್ರವೆನಿಸಿತು. 1965ರಲ್ಲಿ ಹುಣಸೂರು ಕೃಷ್ಣಮೂರ್ತಿಯವರ ಚಿತ್ರ ಬಂತು. ಅದರ ನಾಯಕ ರಾಜಕುಮಾರರು ಗುಬ್ಬಿ ಕಂಪನಿಯ ರಂಗದ ಮೇಲೆ ಬೆಳೆದವರು. ಪಂಢರಿಬಾಯಿಯವರ ಚಂದ್ರಮತಿ, ಉದಯಕುಮಾರರ ವಿಶ್ವಾಮಿತ್ರ, ನರಸಿಂಹರಾಜರ ನಕ್ಷತ್ರಿಕ ಇಂದಿಗೂ ಕಣ್ಣಿಗೆ ಕಟ್ಟುತ್ತಾರೆ. ವೀರಬಾಹುವಿನ ಬಾಯಲ್ಲಿ ಕುಲದ ಮೇಲುಕೀಳನ್ನು ಪ್ರಶ್ನಿಸುವ ಹಾಡನ್ನಿಟ್ಟು ಆ ಚಿತ್ರವು ರಾಘವಾಂಕನ ವ್ಯಂಗ್ಯಕ್ಕೆ ನ್ಯಾಯ ಸಲ್ಲಿಸಿತು. 2008ರಲ್ಲಿ ಬಣ್ಣ ತೊಟ್ಟು ಮರಳಿ ತೆರೆಗೆ ಬಂದಾಗಲೂ ಜನ ಅದನ್ನು ಮರೆತಿರಲಿಲ್ಲ. ಇಷ್ಟನ್ನೂ ಮನಸಾರೆ ಒಪ್ಪಿದ ಮೇಲೆಯೇ ನಾವು ಕೇಳುತ್ತೇವೆ: ತೆರೆಯ ಮೇಲಿನ ಈ ಹರಿಶ್ಚಂದ್ರರು ರಂಗದ ಕೂಸುಗಳಾಗಿರುವಾಗ, ಮಗುವನ್ನು ಹೊಗಳಿ ತಾಯಿಯನ್ನು ಮನೆಯಿಂದಾಚೆಗೆ ಕಳುಹಿಸುವುದು ಯಾವ ನ್ಯಾಯ?

ಇನ್ನು ಮಸಣದ ದೃಶ್ಯವನ್ನೇ ತೆಗೆದುಕೊಳ್ಳೋಣ. ದಕ್ಷಿಣದ ನಾಟಕ ಪರಂಪರೆಯಲ್ಲಿ ಚಂದ್ರಮತಿಯ ಮಾಂಗಲ್ಯವು ಪತಿಯೊಬ್ಬನಿಗಲ್ಲದೆ ಅನ್ಯರ ಕಣ್ಣಿಗೆ ಕಾಣದು. ಸುಡುವ ತೆರಿಗೆಗೆ ಕಾಸಿಲ್ಲವೆಂದು ಅಳುವ ಹೆಣ್ಣಿಗೆ, ಕತ್ತಿನ ತಾಳಿಯನ್ನು ಮಾರಿ ತಾ ಎನ್ನುತ್ತಾನೆ ಕಾವಲಿನವನು. ಆ ಒಂದು ಮಾತಿನಿಂದ ಅವಳು ಗಂಡನನ್ನು ಗುರುತಿಸುತ್ತಾಳೆ. ರಂಗದ ಮೇಲೆ ಆ ತಾಳಿಯನ್ನು ನಾವಾರೂ ಕಾಣುವುದಿಲ್ಲ. ನಟನ ಕಣ್ಣು ಎಲ್ಲಿ ನೆಟ್ಟಿದೆಯೆಂಬುದನ್ನು ನೋಡಿ ನಾವೇ ಕಲ್ಪಿಸಿಕೊಳ್ಳುತ್ತೇವೆ. ಕ್ಯಾಮೆರಾಕ್ಕೆ ಈ ಗುಟ್ಟು ದಕ್ಕುವುದು ಕಷ್ಟ. ತೋರಿಸಿದರೆ ಸಭಿಕರೆಲ್ಲರೂ ಕಂಡುಬಿಡುತ್ತಾರೆ, ತೋರಿಸದಿದ್ದರೆ ನೋಟವೇ ಬರಿದಾಗುತ್ತದೆ. ಅಲ್ಲದೆ ಸಮೀಪ ಚಿತ್ರಣದಲ್ಲಿ ಒಮ್ಮೆ ತಾಯಿಯ ಮುಖ, ಒಮ್ಮೆ ತಂದೆಯ ಮುಖ ಕಾಣುತ್ತದೆ. ರಂಗದ ಮೇಲಾದರೋ ತಾಯಿ, ತಂದೆ, ನಡುವೆ ಮಲಗಿದ ಲೋಹಿತಾಶ್ವ, ಈ ಮೂವರೂ ಒಂದೇ ಬೆಳಕಿನಲ್ಲಿರುತ್ತಾರೆ. ಯಾರನ್ನು ನೋಡಿ ಕಣ್ಣೀರಿಡಬೇಕೆಂಬುದನ್ನು ನಮ್ಮ ಪರವಾಗಿ ಯಾರೂ ತೀರ್ಮಾನಿಸುವುದಿಲ್ಲ.

“ಕಡೆಗೆ ದೇವರು ಪ್ರತ್ಯಕ್ಷನಾಗುತ್ತಾನಲ್ಲ, ಇದು ದುರಂತವೆಂತು?” ಎಂದು ಪಂಡಿತರು ಕೇಳಬಹುದು. ದುರಂತವು ಕೊನೆಯ ಪುಟದಲ್ಲಿ ಮಾತ್ರ ಇರುತ್ತದೆಂದು ನಾವು ತಿಳಿಯುವುದಿಲ್ಲ. ಹೆಂಡತಿಯ ಕೊರಳ ಮೇಲೆ ಖಡ್ಗವೆತ್ತಿದ ಗಳಿಗೆಯಲ್ಲಿ ಹರಿಶ್ಚಂದ್ರನಿಗೆ ದೇವರು ಬರುವನೆಂಬ ಸುದ್ದಿ ಗೊತ್ತಿಲ್ಲ. ಆ ಅರಿಯದ ಗಳಿಗೆಯೇ ದುರಂತ. ಚಿತ್ರದಲ್ಲಿ ಆ ಗಳಿಗೆಯ ಅಳತೆ ಎಂದೋ ನಿಶ್ಚಯವಾಗಿದೆ. ಎಷ್ಟು ಸಲ ನೋಡಿದರೂ ಅಷ್ಟೇ. ರಂಗದಲ್ಲಿ ಹಗಲೆಲ್ಲ ಮಗ್ಗದ ಮುಂದೆಯೋ, ಗಿರಣಿಯಲ್ಲೋ, ಬನಿಯನ್ ಕಾರ್ಖಾನೆಯಲ್ಲೋ ದುಡಿದು ಬಂದ ನಮ್ಮ ನೆರೆಯವನೇ ಖಡ್ಗವೆತ್ತಿ ನಿಲ್ಲುತ್ತಾನೆ. ಅವನ ತೋಳು ನಿಜವಾಗಿಯೂ ನಡುಗುತ್ತದೆ. ಸಭೆಯ ಉಸಿರು ಬಿಗಿಯಾದಷ್ಟು ಹೊತ್ತು ಅವನು ಹಾಗೆಯೇ ನಿಲ್ಲಬಲ್ಲ. ಬಾಲಕ ಗಾಂಧಿ ರಾಜಕೋಟೆಯಲ್ಲಿ ಹರಿಶ್ಚಂದ್ರ ನಾಟಕವನ್ನು ಕಂಡು, ಅದನ್ನು ಮನಸ್ಸಿನಲ್ಲೇ ಅಸಂಖ್ಯ ಸಲ ಆಡಿಕೊಂಡೆನೆಂದು ಆತ್ಮಕಥೆಯಲ್ಲಿ ಹೇಳಿಕೊಂಡಿದ್ದಾರೆ. ‘ಆಡಿಕೊಂಡೆ’ ಎಂಬ ಆ ಕ್ರಿಯಾಪದವನ್ನು ಸದಸ್ಯರು ಗಮನಿಸಬೇಕೆಂದು ನಮ್ಮ ವಿನಂತಿ.

ನಮ್ಮ ವಾದದ ತಿರುಳು ಇರುವುದೂ ಅಲ್ಲಿಯೇ. ಈ ಎರಡು ಜಿಲ್ಲೆಗಳ ಕನ್ನಡ ಮನೆಗಳಲ್ಲಿ, ದೇವಾಂಗರಿರಲಿ, ಒಕ್ಕಲಿಗರಿರಲಿ, ಕುರುಬರಿರಲಿ, ಮಾತು ಕನ್ನಡ, ಓದು ತಮಿಳು. ಮೊಮ್ಮಕ್ಕಳ ಪಾಲಿಗೆ ಆ ಮಾತೂ “ಊಟ ಆಯ್ತಾ, ನೀರು ಕೊಡು” ಎಂಬಷ್ಟಕ್ಕೆ ಇಳಿಯುತ್ತಿದೆ. ಚಿತ್ರವು ಇಂಥ ಮಗುವಿನ ಕಿವಿಗೆ ಎರಡೂವರೆ ಗಂಟೆ ಕನ್ನಡವನ್ನು ಸುರಿದೀತು. ಬಾಯಿಗೆ ಒಂದು ಪದವನ್ನೂ ಕೊಡಲಾರದು. ಲೋಹಿತಾಶ್ವನ ಪಾತ್ರಕ್ಕೆ ಬಣ್ಣ ಹಚ್ಚಿದ ಮಗುವಾದರೋ ಸಂಬಂಧದ ಹೆಸರು, ಹೂವಿನ ಹೆಸರು, ನೋವಿನ ಹೆಸರುಗಳನ್ನೆಲ್ಲ ತನ್ನ ಬಾಯಿಂದಲೇ ಆಡಬೇಕಾಗುತ್ತದೆ. ಆಡಿದ ಮಾತು ಅರವತ್ತಾದರೂ ಅಳಿಯದು.

“ಮಕ್ಕಳಿಗೆ ಕನ್ನಡ ಓದಲು ಬಾರದಲ್ಲ” ಎಂಬುದು ಪ್ರಬಲವಾದ ಆಕ್ಷೇಪ. ಬರದಿದ್ದರೆ ಸಂಭಾಷಣೆಯನ್ನು ಸದ್ಯಕ್ಕೆ ತಮಿಳು ಲಿಪಿಯಲ್ಲೇ ಬರೆದುಕೊಡೋಣ. ಅಲ್ಲಿ ಕ, ಖ, ಗ, ಘ ನಾಲ್ಕಕ್ಕೂ ಒಂದೇ ಅಕ್ಷರ. ‘ಖಡ್ಗ’ವೆಂಬ ಪದವನ್ನು ಹಿರಿಯರು ಪಕ್ಕದಲ್ಲಿ ಕುಳಿತು ಬಾಯಿಪಾಠವಾಗಿ ಹೇಳಿಕೊಡಲೇಬೇಕಾಗುತ್ತದೆ. ನಮ್ಮ ದೃಷ್ಟಿಯಲ್ಲಿ ಅದು ಲಾಭ. ಅಜ್ಜನೂ ಮೊಮ್ಮಗನೂ ಒಂದು ತಿಂಗಳು ಒಂದು ಮಣೆಯ ಮೇಲೆ ಕುಳಿತಂತಾಯಿತು. “ಖರ್ಚು” ಎಂಬುದು ಎರಡನೆಯ ಆಕ್ಷೇಪ. ಹರಿಶ್ಚಂದ್ರನಿಗೆ ಮಸಣದಲ್ಲಿ ಬೇಕಾದದ್ದು ಒಂದು ಕಂಬಳಿ, ಒಂದು ಕೋಲು. ರಾಜ್ಯ ಕಳೆದುಕೊಂಡವನ ನಾಟಕಕ್ಕೆ ಜರತಾರಿ ಉಡುಪಿನ ಹಂಗಿಲ್ಲ.

ಈ ಸೀಮೆಯ ತಮಿಳು ಬಂಧುಗಳನ್ನು ನೋಡಿ ಕಲಿಯುವುದೂ ಇದೆ. ಇಲ್ಲಿಯ ಮಸಣಗಳ ಹೆಬ್ಬಾಗಿಲಲ್ಲಿ ಹರಿಶ್ಚಂದ್ರನ ಕಲ್ಲು ನಿಂತಿರುತ್ತದೆ. ಚಟ್ಟವನ್ನು ಅದರ ಮುಂದೆ ಇಳಿಸಿ, ಕಾವಲಿನ ಅರಸನ ಅನುಮತಿ ಬೇಡಿದ ಮೇಲೆಯೇ ಮುಂದಕ್ಕೆ ಒಯ್ಯುವುದು ವಾಡಿಕೆ. ತಮಿಳು ಕೂತ್ತಿನವರು ‘ಮಯಾನ ಕಾಂಡ’ವನ್ನು ಇಂದಿಗೂ ರಾತ್ರಿಯಿಡೀ ಆಡುತ್ತಾರೆ. ಶಿವಾಜಿ ಗಣೇಶನ್ ಅವರ ‘ಹರಿಶ್ಚಂದ್ರ’ ಚಿತ್ರ 1968ರಲ್ಲಿಯೇ ಬಂದಿದ್ದರೂ ಅವರು ತಮ್ಮ ಕೂತ್ತನ್ನು ಕೈಬಿಡಲಿಲ್ಲ. ರಾಘವಾಂಕನನ್ನು ಪಡೆದ ನುಡಿಯವರಾದ ನಾವು ಮಾತ್ರ ಗುಂಡಿಯೊತ್ತಿ, ಪರದೆ ಬೆಳಗಿಸಿ, ಕೈಕಟ್ಟಿ ಕುಳಿತರೆ ಶೋಭಿಸದು.

ಆದಕಾರಣ ನಮ್ಮ ಬೇಡಿಕೆ ಚಿಕ್ಕದು. ಇಡೀ ನಾಟಕ ಬೇಡ. ಬರುವ ಸಮ್ಮೇಳನದಲ್ಲಿ ಮಸಣದ ಒಂದೇ ದೃಶ್ಯ, ನಲವತ್ತು ನಿಮಿಷ, ನಮ್ಮವರೇ ನಮ್ಮ ಕನ್ನಡದಲ್ಲಿ ಆಡಲಿ. ಮಾತು ತಪ್ಪಿದರೆ ತಪ್ಪಲಿ, ಪಕ್ಕದಿಂದ ಯಾರಾದರೂ ಎತ್ತಿಕೊಡುತ್ತಾರೆ. ಚಿತ್ರವನ್ನು ಮರುದಿನ ತೋರಿಸೋಣ. ಆಡಿದ ಮಕ್ಕಳೇ ಅದನ್ನು ಎಲ್ಲರಿಗಿಂತ ಚೆನ್ನಾಗಿ ನೋಡುವರು. ಕಾರ್ಯಕಾರಿ ಸಮಿತಿಯು ಇದನ್ನು ಈ ಸಮ್ಮೇಳನದ ನಿರ್ಣಯಗಳಲ್ಲಿ ಒಂದಾಗಿ ಸ್ವೀಕರಿಸಬೇಕೆಂದು ಕೋರುತ್ತೇವೆ. ಲೋಹಿತಾಶ್ವನ ಪಾತ್ರಕ್ಕೆ ಮೊದಲು ಯಾರ ಮನೆಯ ಮಗುವಿನ ಹೆಸರು ಬರುವುದೋ ಕಾದಿದ್ದೇವೆ.