ಮರುವಾಯಿ ಎಲ್ಲಿಂದ ಬಂತೆಂದು ಕೇಳೋಣ

ರಾಮನಾಥಪುರದ ಕಾವೇರಿಯಲ್ಲಿ, ದೇವಸ್ಥಾನದ ಮುಂದಿನ ಮಡುವಿನ ಮೀನಿಗೆ ಯಾರೂ ಕೈ ಹಾಕುವುದಿಲ್ಲ. ಅರಕಲಗೂಡು, ಹೊಳೆನರಸೀಪುರ, ಹಾಸನ ಎಂದು ಘಟ್ಟದ ಮೇಲೆ ಬಂದು ನೆಲೆಸಿದ ನಮ್ಮ ಮನೆಗಳಿಗೆ ಕಡಲ ಮೀನು ಬರುವುದು ಐಸ್ ಪೆಟ್ಟಿಗೆಯಲ್ಲಿ, ಶಿರಾಡಿ ಹತ್ತಿ. ಬೂತಾಯಿ, ಬಂಗುಡೆಯ ಜೊತೆ ಒಮ್ಮೊಮ್ಮೆ ಮರುವಾಯಿ, ಪಚ್ಚಿಲೆಯೂ ಬಂದರೆ ಮನೆಯಲ್ಲಿ ಅಂದು ಹಬ್ಬ. ಉರ್ದು ಮಾತಾಡುವ ನೆರೆಯವರು ನಮ್ಮ ಹಿತ್ತಲಿನ ಚಿಪ್ಪಿನ ರಾಶಿ ನೋಡಿ ಮೂಗು ಮುರಿಯುವುದುಂಟು. ಅವರದು ಹನಫಿ ಮದ್‌ಹಬ್, ನಮ್ಮದು ಶಾಫಿ. ಆ ಚರ್ಚೆ ಉಸ್ತಾದರಿಗಿರಲಿ. ನಾವಿಲ್ಲಿ ಕೇಳುವುದು ಬೇರೆ: ಆ ಚಿಪ್ಪಿನೊಳಗೆ ಏನೇನು ಸೇರಿದೆ?

ಮೀನು ಈಜಿ ದೂರ ಹೋಗುತ್ತದೆ. ಚಿಪ್ಪುಜೀವಿ ನೆಲೆಯೂರಿದಲ್ಲೇ ಕೂತು ಗಂಟೆಗೆ ಲೀಟರುಗಟ್ಟಲೆ ನೀರು ಸೋಸಿ ಆಹಾರ ಹುಡುಕುತ್ತದೆ. ನೀರಿನಲ್ಲಿ ಸೀಸ, ಕ್ಯಾಡ್ಮಿಯಂ, ಪಾದರಸ ಇದ್ದರೆ ಅದೂ ಒಳಗೆ ಹೋಗಿ ಮಾಂಸದಲ್ಲಿ ಕೂರುತ್ತದೆ. ಕಡಲು ಎಷ್ಟು ಕೆಟ್ಟಿದೆ ಎಂದು ಅಳೆಯಲು ಇದೇ ಜೀವಿಯನ್ನು ಬಳಸಬಹುದೆಂದು ಅಮೆರಿಕದ ವಿಜ್ಞಾನಿ ಎಡ್ವರ್ಡ್ ಗೋಲ್ಡ್‌ಬರ್ಗ್ 1975ರಲ್ಲೇ ಹೇಳಿದ್ದರು. ಅವರಿಗೆ ಅದು ಅಳತೆಗೋಲು, ನಮಗೆ ಸುಕ್ಕ.

ಇದು ದೂರದ ದೇಶದ ಮಾತಲ್ಲ. ಕಾರವಾರದ ಬಳಿಯ ಕಾಸ್ಟಿಕ್ ಸೋಡಾ ಕಾರ್ಖಾನೆಯ ಆಸುಪಾಸಿನ ಪಾದರಸದ ಬಗ್ಗೆ ನಮ್ಮದೇ ಕೇಂದ್ರೀಯ ಸಮುದ್ರ ಮೀನುಗಾರಿಕೆ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು 1990ರಲ್ಲಿ ಬರೆದಿದ್ದಾರೆ. ಪಾದರಸ ಮತ್ತು ತಾಮ್ರ ಪಚ್ಚಿಲೆಯ ದೇಹವನ್ನು ಏನು ಮಾಡುತ್ತವೆ ಎಂಬುದನ್ನೂ ಅದೇ ವರ್ಷ ಪ್ರಕಟಿಸಿದರು. ಅದೇ ಸಂಸ್ಥೆಯ ಮಾರ್ಗದರ್ಶನದಲ್ಲಿ ಕಾಸರಗೋಡಿನ ಪಡನ್ನ, ಚೆರುವತ್ತೂರು ಕಡೆಯ ಹಿನ್ನೀರಿನಲ್ಲಿ ಪಚ್ಚಿಲೆ ಕೃಷಿ ಬೆಳೆಯಿತು. ಹಗ್ಗಕ್ಕೆ ಮರಿ ಕಟ್ಟಿ, ಮಳೆಗಾಲಕ್ಕೆ ಮುಂಚೆ ಕೀಳುವ ಆ ಕೆಲಸದಿಂದ ಎಷ್ಟೋ ಹೆಂಗಸರ ಸಂಘಗಳು ಸಂಸಾರ ನಡೆಸಿವೆ. ಅವರ ಹೊಟ್ಟೆಗೆ ಹೊಡೆಯುವುದು ನಮ್ಮ ಉದ್ದೇಶವಲ್ಲ. ನಿಜ ಹೇಳಬೇಕೆಂದರೆ ಕೃಷಿಯ ಪಚ್ಚಿಲೆಯಲ್ಲೇ ಪರೀಕ್ಷೆ ಸುಲಭ, ಅದು ಬೆಳೆದ ನೀರು ಯಾವುದೆಂದು ಗೊತ್ತಿರುತ್ತದೆ. ಹೊಳೆಬಾಯಿಯಲ್ಲಿ ಹೆಕ್ಕಿ ಮೂರು ಕೈ ದಾಟಿ ಬಂದ ಮರುವಾಯಿಗೆ ಅಡ್ರೆಸ್ಸೇ ಇಲ್ಲ.

"ಚೆನ್ನಾಗಿ ಬೇಯಿಸಿದರೆ ಆಯ್ತಲ್ಲ" ಎನ್ನುತ್ತಾರೆ ನಮ್ಮ ಉಮ್ಮಂದಿರು. ಬೇಯಿಸಿದರೆ ರೋಗಾಣು ಸಾಯುತ್ತದೆ, ಲೋಹ ಸಾಯುವುದಿಲ್ಲ. ಉಪ್ಪುನೀರಲ್ಲಿ ಒಂದು ರಾತ್ರಿ ಇಟ್ಟರೆ ಹೊಯ್ಗೆ ಬಿಡಬಹುದು, ಕ್ಯಾಡ್ಮಿಯಂ ಬಿಡುವುದಿಲ್ಲ. 2018ರ ಫಾರ್ಮಾಲಿನ್ ಗಲಾಟೆಯಲ್ಲಿ ಕಾಗದದ ಪಟ್ಟಿ ಒತ್ತಿ ಬಣ್ಣ ನೋಡಿದ ಹಾಗೆ ಇದನ್ನು ಮಾರ್ಕೆಟಿನಲ್ಲಿ ನೋಡಲಾಗದು. ಪ್ರಯೋಗಾಲಯವೇ ಬೇಕು.

ಸ್ವಲ್ಪ ಲೆಕ್ಕ ಹಾಕೋಣ. ಕ್ಯಾಡ್ಮಿಯಂ ಸೇವನೆ ತಿಂಗಳಿಗೆ ದೇಹತೂಕದ ಪ್ರತಿ ಕಿಲೋಗೆ 25 ಮೈಕ್ರೋಗ್ರಾಂ ಮೀರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ ಮತ್ತು ಆಹಾರ-ಕೃಷಿ ಸಂಸ್ಥೆಯ ಜಂಟಿ ತಜ್ಞರು 2010ರಲ್ಲಿ ಹೇಳಿದ್ದಾರೆ. ಅಂತಾರಾಷ್ಟ್ರೀಯ ಕೋಡೆಕ್ಸ್ ಕಡಲ ಚಿಪ್ಪುಜೀವಿಗಳಿಗೆ ಕಿಲೋಗೆ 2 ಮಿಲಿಗ್ರಾಂ ಮಿತಿ ಇಟ್ಟಿದೆ, ಯುರೋಪ್ ಒಂದೇ ಮಿಲಿಗ್ರಾಂ. ಕೋಡೆಕ್ಸ್ ಮಿತಿಯ ಅಂಚಿನಲ್ಲಿರುವ ಮಾಂಸವಾದರೆ 60 ಕಿಲೋ ತೂಕದವರಿಗೆ ತಿಂಗಳಿಗೆ ಮುಕ್ಕಾಲು ಕಿಲೋ ತಿಂದಾಗ ಆ ತಿಂಗಳ ಪಾಲು ಮುಗಿಯಿತು. 15 ಕಿಲೋದ ಮಗುವಿಗೆ 200 ಗ್ರಾಂ ಕೂಡಾ ಇಲ್ಲ. ಅನ್ನ, ಸೊಪ್ಪಿನಿಂದ ಬರುವುದು ಬೇರೆ. ಒಳಗೆ ಹೋದ ಕ್ಯಾಡ್ಮಿಯಂ ಮೂತ್ರಪಿಂಡದಲ್ಲಿ ಹತ್ತಾರು ವರ್ಷ ಉಳಿಯುತ್ತದೆ. ಸೀಸ ಮಕ್ಕಳ ಮಿದುಳಿಗೆ ಪೆಟ್ಟು.

ರಾಮನಾಥಪುರದವರಿಗೆ ಇನ್ನೊಂದು ಮಾತು. ಇಲ್ಲಿ ತಂಬಾಕು ಹರಾಜು ಮಾರುಕಟ್ಟೆಯೇ ಇದೆ. ತಂಬಾಕು ಗಿಡವೂ ಮಣ್ಣಿನ ಕ್ಯಾಡ್ಮಿಯಂ ಹೀರುವ ಜಾತಿ. ದಿನಕ್ಕೊಂದು ಕಟ್ಟು ಬೀಡಿ ಸೇದುವ ಯಜಮಾನರು ಮರುವಾಯಿಯನ್ನು ಮಾತ್ರ ದೂರಿದರೆ ಹೇಗೆ?

ನಮ್ಮ ತಕರಾರು ಇಷ್ಟು. ಯುರೋಪಿಗೆ ಹೋಗುವ ಕೃಷಿ ಸಿಗಡಿಗೆ ಲೋಹದ ಪರೀಕ್ಷೆಯೂ ಸೇರಿದ ಉಳಿಕೆ ತಪಾಸಣೆ ಯೋಜನೆ ಇದೆ. ಲೋಹಗಳಿಗೆ ಮಿತಿ ಹೇಳುವ 2011ರ ನಿಯಮಾವಳಿ ನಮ್ಮ ದೇಶದಲ್ಲೂ ಇದೆ. ಆದರೆ ಹಾಸನದ ಮೀನಂಗಡಿಗೆ ಬಂದ ಪಚ್ಚಿಲೆ ಯಾವ ಹಿನ್ನೀರಿನದು ಎಂದು ಕೊಳ್ಳುವವರಿಗೆ ಹೇಳುವವರಿಲ್ಲ. ಹೊರದೇಶದವರ ಮೂತ್ರಪಿಂಡಕ್ಕೆ ಇರುವ ಬೆಲೆ ನಮ್ಮದಕ್ಕೂ ಬೇಕು. ಮಂಗಳೂರು, ಉಡುಪಿ, ಕಾರವಾರದ ಹೊಳೆಬಾಯಿಗಳ ಚಿಪ್ಪುಜೀವಿಗಳನ್ನು ವರ್ಷಕ್ಕೆ ಎರಡು ಸಲವಾದರೂ ಪರೀಕ್ಷಿಸಿ, ಫಲಿತಾಂಶವನ್ನು ಕನ್ನಡದಲ್ಲಿ ಪ್ರಕಟಿಸಬೇಕು. ಮೀನು ವ್ಯಾಪಾರದಲ್ಲಿ ನಮ್ಮವರೇ ಬೇಕಷ್ಟು ಮಂದಿ ಇದ್ದಾರೆ. ಪೆಟ್ಟಿಗೆಯ ಮೇಲೆ ಊರಿನ ಹೆಸರು ಬರೆಯಲು ಅವರಿಗೆ ಸರ್ಕಾರಿ ಆದೇಶ ಬೇಕಾಗಿಲ್ಲ, ಒಂದು ಪೆನ್ನು ಸಾಕು.

ಅಷ್ಟರ ತನಕ ಮನೆಯವರು ಪ್ರತಿ ವಾರ ಒಂದೇ ಕಡೆಯ ಚಿಪ್ಪು ತರುವುದು ಬೇಡ. ಬಸುರಿಯರಿಗೂ ಚಿಕ್ಕ ಮಕ್ಕಳಿಗೂ ಅಪರೂಪಕ್ಕೆ ಸಾಕು. ಏಡಿಯ ಚಿಪ್ಪಿನಡಿಯ ಕಂದು ಭಾಗ ಅವರ ಬಟ್ಟಲಿಗೆ ಹಾಕಬೇಡಿ.

2006ರ ಆಹಾರ ಸುರಕ್ಷತೆ ಕಾಯ್ದೆಯ 40ನೇ ಕಲಂ ಪ್ರಕಾರ, ಖರೀದಿಸುವಾಗಲೇ ಅಂಗಡಿಯವರಿಗೆ ತಿಳಿಸಿ, ಶುಲ್ಕ ಕಟ್ಟಿ, ಯಾರೇ ಗ್ರಾಹಕರು ಆಹಾರವನ್ನು ಸರ್ಕಾರಿ ವಿಶ್ಲೇಷಕರಿಂದ ಪರೀಕ್ಷೆ ಮಾಡಿಸಬಹುದು. ದೋಷ ಸಿಕ್ಕರೆ ಶುಲ್ಕ ವಾಪಸು. ಒಂದು ಮನೆಗೆ ಅದು ಭಾರವಾದೀತು, ಒಂದು ಜಮಾಅತಿಗೆ ಆಗದು. ಹಾಸನ ಜಿಲ್ಲೆಯ ಯಾವ ಜಮಾಅತ್ ಮೊದಲ ಸ್ಯಾಂಪಲ್ ಕೊಡುತ್ತದೋ, ಅದರ ವರದಿಗೆ ಈ ಪುಟದಲ್ಲಿ ಜಾಗ ಕಾದಿರಿಸಿದ್ದೇವೆ.